ಕೇಕವ್ವನ ಕೊಸರು

ಅವಳ ಬಲಗೈಯ ಒಳಭಾಗದಲ್ಲಿ, ಮಣಿಕಟ್ಟಿನಿಂದ ಮೊಣಕೈ ತನಕ, ಅಡ್ಡಡ್ಡವಾಗಿ ಸುಟ್ಟ ಗೆರೆಗಳಿದ್ದವು. ಓವನ್ನಿನ ಕಂಬಿಗೆ ತಗುಲಿ ಆದವು. ಹಳೆಯವು ಕಪ್ಪಾಗಿ ಚರ್ಮದೊಳಗೇ ಕೂತಿದ್ದವು, ನಡುವಿನವು ಕಂದು, ಮೊನ್ನೆ ಮೊನ್ನೆಯದು ಇನ್ನೂ ಗುಲಾಬಿ ಬಣ್ಣದ್ದು. ಬಳೆಗಾರ ಕೋಲಿಗೆ ಪೋಣಿಸಿಟ್ಟ ಬಳೆಗಳ ಹಾಗೆ ಕಾಣುತ್ತಿದ್ದವು. ದಪ್ಪನೆಯ ಕೈಗವಸು ತಂದುಕೊಡುತ್ತೇನೆ ಎಂದರೆ ಕೈಯನ್ನು ಸೆರಗಿನೊಳಗೆ ಸರಿಸಿಕೊಳ್ಳುತ್ತಿದ್ದಳು. ಗವಸು ಹಾಕಿದರೆ ಒಳಗೆ ಬಿಸಿ ಎಷ್ಟಿದೆಯೆಂದು ಕೈಗೆ ತಿಳಿಯುವುದಿಲ್ಲವಂತೆ.

ರಾಯಚೂರಿನ ನಮ್ಮ ಮನೆಯ ಮಾಳಿಗೆಯ ಮೇಲೆ ತಗಡಿನ ಸೂರಿನ ಒಂದು ಖೋಲಿ ಇದೆ. ಅಲ್ಲಿಗೆ ಅವಳು ಗಂಡನನ್ನು ಕರೆದುಕೊಂಡು ಬಾಡಿಗೆಗೆ ಬಂದಳು. ಸಾಮಾನು ಎಂದರೆ ಎರಡು ಗೋಣಿಚೀಲ, ಒಂದು ಗ್ಯಾಸಿನ ಒಲೆ, ಮತ್ತು ಹಳೆಯ ಸೀರೆಯಲ್ಲಿ ಕೂಸಿನಂತೆ ಸುತ್ತಿ ತಂದ ಒಂದು ಓವನ್ನು. ಮೂರನೆಯ ದಿನಕ್ಕೆ ಮೇಲಿನಿಂದ ಸುಟ್ಟ ಸಕ್ಕರೆಯ, ಬೆಣ್ಣೆಯ ವಾಸನೆ ಮೆಟ್ಟಿಲಿಳಿದು ನಮ್ಮ ಅಡುಗೆಮನೆಗೆ ಬಂತು. ಐದು ವರ್ಷದ ನನ್ನ ಮಗಳು ವಾಸನೆ ಹಿಡಿದು ಮೇಲೆ ಹೋದವಳು ಬಾಯಿ, ಮೂಗು, ಫ್ರಾಕು ಎಲ್ಲ ಕಂದು ಮಾಡಿಕೊಂಡು ಇಳಿದು ಬಂದು, ಮಾಳಿಗೆಯ ಮೇಲೆ ಕೇಕವ್ವ ಇದ್ದಾಳೆ ಎಂದು ಸುದ್ದಿ ಹೇಳಿದಳು. ಅಂದಿನಿಂದ ಓಣಿಗೆಲ್ಲ ಅವಳು ಕೇಕವ್ವ. ನಾನು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಪಾಠ ಹೇಳುವ ಹೆಂಗಸರೆಲ್ಲ ಅವಳಿಗೆ ಅಕ್ಕೋರು. ಹಾಗಾಗಿ ಅವಳಿಗಿಂತ ಹತ್ತು ವರ್ಷ ಸಣ್ಣವಳಾದ ನಾನು ಅವಳಿಗೆ ಅಕ್ಕೋರು, ಅವಳು ನನಗೆ ಅವ್ವ.

ದೇವದುರ್ಗದವರು ಇಬ್ಬರೂ. ಮದುವೆಯಾದ ವರ್ಷವೇ ಹೈದರಾಬಾದಿಗೆ ದುಡಿಯಲು ಹೋದವರು ಇಪ್ಪತ್ತು ವರ್ಷ ಅಲ್ಲೇ ಕಳೆದರು. ಅವನು ಗೌಂಡಿ, ಗೋಡೆ ಕಟ್ಟುತ್ತಿದ್ದ. ಅವಳು ಇಟ್ಟಿಗೆ ಹೊರುತ್ತಿದ್ದಳು. ಸೊಂಟ ಹಿಡಿದುಕೊಂಡ ಮೇಲೆ, ಮನೆಯಲ್ಲೇ ಕೇಕು ಮಾಡಿ ಮಾರುವ ಒಬ್ಬ ಹೆಂಗಸಿನ ಹತ್ತಿರ ಪಾತ್ರೆ ತೊಳೆಯಲು ಸೇರಿದಳು. ತೊಳೆಯುತ್ತ ತೊಳೆಯುತ್ತ ಕಣ್ಣಿನಲ್ಲೇ ಕಲಿತಳು. ಮಕ್ಕಳಿರಲಿಲ್ಲ. ಗಂಡನ ಎರಡೂ ಕಿಡ್ನಿ ಕೈಕೊಟ್ಟಾಗ ಊರ ಕಡೆ ಹೊರಟರು. ಆ ಹೆಂಗಸು ತನ್ನ ಹಳೆಯ ಓವನ್ನನ್ನು ಕೊಟ್ಟು ಕಳಿಸಿದ್ದಳು. ದೇವದುರ್ಗಕ್ಕೇ ಹೋಗಬಹುದಿತ್ತು. ಆದರೆ ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ದವಾಖಾನೆಯ ಡಯಾಲಿಸಿಸ್ ಯಂತ್ರದಲ್ಲಿ ಅವನ ರಕ್ತ ತೊಳೆಸಬೇಕು. ಅವನನ್ನು ಬಸ್ಸಿನಲ್ಲಿ ಕೂರಿಸಿ ಓಡಾಡಿಸುವ ಶಕ್ತಿ ಇಬ್ಬರಲ್ಲೂ ಉಳಿದಿರಲಿಲ್ಲ. ಅದಕ್ಕೇ ರಾಯಚೂರು, ಅದಕ್ಕೇ ನಮ್ಮ ತಗಡಿನ ಖೋಲಿ.

ಅವಳು ಮಾಡುತ್ತಿದ್ದುದು ಒಂದೇ ತಿನಿಸು, ಕ್ಯಾರಮೆಲ್ ಬ್ರೌನಿ. ಬಾಣಲೆಯಲ್ಲಿ ಬರೀ ಸಕ್ಕರೆ ಹಾಕಿ, ಚಮಚ ಮುಟ್ಟಿಸದೆ, ಬಾಣಲೆಯನ್ನೇ ತಿರುಗಿಸುತ್ತ ನಿಲ್ಲುತ್ತಿದ್ದಳು. ಆಗ ಮಾತಾಡಿಸಿದರೆ ಉತ್ತರವಿಲ್ಲ. ಸಕ್ಕರೆ ಕರಗಿ, ಹೊಂಬಣ್ಣಕ್ಕೆ ಬಂದು, ಜೋಳದ ರೊಟ್ಟಿಯ ಮೇಲಿನ ಸುಟ್ಟ ಚುಕ್ಕೆಯ ಬಣ್ಣಕ್ಕೆ ತಿರುಗುವ ಹೊತ್ತಿಗೆ ಬೆಣ್ಣೆ, ಕೆನೆ, ಒಂದು ಚಿಟಿಕೆ ಉಪ್ಪು. ಒಂದು ಉಸಿರು ಮೊದಲಾದರೆ ಬರೀ ಸಿಹಿ, ಒಂದು ಉಸಿರು ತಡವಾದರೆ ಕಹಿ. ಅವಳ ಗಂಡ ಬಾಗಿಲ ಬಳಿಯ ಮಂಚದ ಮೇಲೆ ಕೂತಲ್ಲಿಂದಲೇ ಮೂಗರಳಿಸಿ ತೀರ್ಪು ಕೊಡುತ್ತಿದ್ದ. ತಡವಾಗಿದ್ದರೆ ತಡವಾಯಿತು ಎನ್ನುತ್ತಿದ್ದ. ಒಂದು ಸಲವೂ ತಪ್ಪಿದ್ದಿಲ್ಲ.

ಆದರೆ ಅವನು ಅದನ್ನು ತಿನ್ನುವಂತಿರಲಿಲ್ಲ. ಚಾಕೊಲೇಟು ಅವನಿಗೆ ವಿಷ ಎಂದು ಡಾಕ್ಟರು ಹೇಳಿದ್ದರು. ಬಾಳೆಹಣ್ಣು, ಎಳನೀರು, ಸೊಪ್ಪಿನ ಸಾರು ಎಲ್ಲ ಬಂದ್. ಅವೆಲ್ಲಕ್ಕಿಂತ ದೊಡ್ಡ ಬಂದ್ ನೀರಿನದು. ಒಳಗೆ ಹೋದ ನೀರು ಹೊರಗೆ ಬರುವ ದಾರಿ ಅವನ ಮೈಯಲ್ಲಿ ಮುಚ್ಚಿಹೋಗಿತ್ತು. ಕುಡಿದದ್ದೆಲ್ಲ ಕಾಲಲ್ಲಿ, ಹೊಟ್ಟೆಯಲ್ಲಿ, ಕೊನೆಗೆ ಎದೆಯಲ್ಲಿ ನಿಲ್ಲುತ್ತದೆ, ಮಂಗಳವಾರವೋ ಶುಕ್ರವಾರವೋ ಯಂತ್ರ ಅದನ್ನು ತೆಗೆಯುವ ತನಕ. ದಿನಕ್ಕೆ ನಾಲ್ಕು ಸಣ್ಣ ಲೋಟ, ಅಷ್ಟೇ. ರಾಯಚೂರಿನ ಬಿಸಿಲಿನಲ್ಲಿ, ತಗಡಿನ ಕೆಳಗೆ, ಓವನ್ನಿನ ಪಕ್ಕದಲ್ಲಿ, ನಾಲ್ಕು ಲೋಟ.

ಅವನೊಬ್ಬ ಮಾತು ಕಡಿಮೆಯ ಮನುಷ್ಯ. ನಮ್ಮ ಮಾಳಿಗೆಯ ಕಟ್ಟೆ ಒಂದು ಬೆರಳು ವಾಲಿದೆ ಎಂದು ಬಂದ ವಾರವೇ ಹೇಳಿದ. ನನ್ನ ಗಂಡ ನಂಬದೆ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿ, ಸುಮ್ಮನೆ ಕೆಳಗಿಳಿದು ಬಂದ. ಲೋಟವನ್ನು ಅವನು ಎರಡೂ ಕೈಯಲ್ಲಿ ಹಿಡಿದು, ಒಂದು ಗುಟುಕು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ನುಂಗದೆ ಕೂತಿರುತ್ತಿದ್ದ. ಅದನ್ನು ನೋಡಿದ ದಿನ ನನಗೆ ನೀರು ಕುಡಿಯಲು ನಾಚಿಕೆಯಾಗುತ್ತಿತ್ತು. ಒಂದೆರಡು ತಾಸಿನ ಮಟ್ಟಿಗೆ, ಆಮೇಲೆ ಮರೆಯುತ್ತಿದ್ದೆ.

ಇನ್ನು ಕೊಸರಿನ ವಿಷಯ. ಕೇಕವ್ವನ ತಾಯಿ ದೇವದುರ್ಗದ ಸಂತೆಯಲ್ಲಿ ಜೋಳ, ತೊಗರಿಬೇಳೆ ಅಳೆದು ಮಾರುವವಳು. ಸೇರು ತುಂಬಿ, ಗೋಪುರ ಏರಿಸಿ, ಗಿರಾಕಿಯ ಚೀಲಕ್ಕೆ ಸುರಿದ ಮೇಲೆ, ಇನ್ನೊಂದು ಹಿಡಿ ತೆಗೆದು ಅದರ ಮೇಲೆ ಹಾಕುತ್ತಿದ್ದಳು. ಅದು ಕೊಸರು. ನಮ್ಮ ಕಡೆಯ ಸಂತೆಯಲ್ಲಿ ಈಗಲೂ ಕೇಳದೆಯೇ ಹಾಕುತ್ತಾರೆ, ಹಾಕದಿದ್ದರೆ ಚೀಲ ತೆರೆದು ಹಿಡಿದು ನಿಲ್ಲುತ್ತೇವೆ. ಆ ಹಿಡಿಗೆ ದುಡ್ಡಿಲ್ಲ, ಅದು ಎಣಿಕೆಗೂ ಇಲ್ಲ. ಹುಡುಗಿಯಾಗಿದ್ದಾಗ ಜೋಳದ ಚೀಲಕ್ಕೆ ಒರಗಿ ಕೂತವಳಿಗೆ ತಾಯಿ ಹೇಳುತ್ತಿದ್ದ ಮಾತನ್ನು ಕೇಕವ್ವ ನನಗೆ ಎಷ್ಟೋ ಸಲ ಹೇಳಿದ್ದಾಳೆ: "ಅಳದಾದ ಮ್ಯಾಲ ಕೈ ಬರಿದ ಎತ್ತಬ್ಯಾಡವ್ವ."

ಹಾಗಾಗಿ ಆರು ಬ್ರೌನಿಯ ಪೆಟ್ಟಿಗೆಯಲ್ಲಿ ಯಾವಾಗಲೂ ಏಳು ಇರುತ್ತಿದ್ದವು. ಆರನ್ನು ಎರಡು ಸಾಲಾಗಿ ಜೋಡಿಸಿ, ಬೆಣ್ಣೆ ಕಾಗದ ಹೊದಿಸಿ, ಏಳನೆಯದನ್ನು ಕಾಗದದ ಮೇಲೆ ಅಡ್ಡ ಇಟ್ಟು ಮುಚ್ಚುತ್ತಿದ್ದಳು. ದವಾಖಾನೆಯ ನರ್ಸುಗಳು, ನಮ್ಮ ಕಾಲೇಜಿನ ಸ್ಟಾಫ್ ರೂಮು, ಸ್ಟೇಷನ್ ಕಡೆಯ ಒಂದು ಪುಸ್ತಕದಂಗಡಿ, ಇವರು ಅವಳ ಗಿರಾಕಿಗಳು. ಏಳನೆಯದಕ್ಕಾಗಿ ಸ್ಟಾಫ್ ರೂಮಿನಲ್ಲಿ ಜಗಳವಾಗುತ್ತಿತ್ತು. ಬಹಳ ಸಲ ಗೆದ್ದವಳು ನಾನೇ.

ಒಂದು ಭಾನುವಾರ ಅವಳು ಕೆಳಗೆ ಬಂದು ನಮ್ಮ ಮೆಟ್ಟಿಲ ಮೇಲೆ ಕೂತಳು. ರಕ್ತ ಏರಿಸುವ ಇಂಜೆಕ್ಷನ್ನು ಆ ತಿಂಗಳು ದವಾಖಾನೆಯಲ್ಲಿ ಇರಲಿಲ್ಲ, ಹೊರಗೆ ಕೊಳ್ಳಬೇಕಾಗಿತ್ತು. ಒಂದು ಇಂಜೆಕ್ಷನ್ನು ತಪ್ಪಿತ್ತು, ಇನ್ನೊಂದು ತಪ್ಪುವುದರಲ್ಲಿತ್ತು. ಅವಳು ಸಾಲ ಕೇಳಲಿಲ್ಲ.

"ಅಕ್ಕೋರ, ತಿಂಗಳಪೂರ್ತಿ ಮಾರ್ತೀನಿ, ಕೈಯಾಗ ಏನೂ ಉಳಿವಲ್ದು. ಎಲ್ಲಿ ಸೋರಾಕತ್ತದ ನೋಡ್ರಿ."

ನನಗೆ ಇಂಥದ್ದೇ ಬೇಕಾಗಿತ್ತು. ಪುಸ್ತಕದಲ್ಲಿ ಯಾವುದೋ ಕುರ್ಚಿ ಕಾರ್ಖಾನೆಯ ವೆಚ್ಚ ಬರೆಸಿ ಬರೆಸಿ ಬೇಜಾರಾಗಿದ್ದ ನನಗೆ ಕಣ್ಣೆದುರಿಗೇ ಒಂದು ಕಾರ್ಖಾನೆ. ಕೆಂಪು ಪೆನ್ನು, ಉದ್ದನೆಯ ಹಾಳೆ ತೆಗೆದುಕೊಂಡು ಮೇಲೆ ಹೋದೆ. ಮೈದಾ, ಸಕ್ಕರೆ, ಕೋಕೋ ಪುಡಿ, ಅಡುಗೆ ಚಾಕೊಲೇಟು, ಮೊಟ್ಟೆ, ಕೆನೆ ಎಲ್ಲ ಬರೆದೆ. ಬೆಣ್ಣೆ ಬರೆಯುವಾಗ ಇಬ್ಬರೂ ಉಸಿರು ಬಿಟ್ಟೆವು. ಪೆಟ್ಟಿಗೆ, ಕಾಗದ, ಅಂಟುಪಟ್ಟಿ, ಆಟೋ ಇವೂ ಬಂದವು. ಮಧ್ಯಾಹ್ನ ವೋಲ್ಟೇಜು ಬಿದ್ದಾಗ ಒಂದು ತಟ್ಟೆ ಬೇಯಲು ಎರಡು ತಟ್ಟೆಯ ಹೊತ್ತು ಬೇಕು, ಅದನ್ನೂ ಗಡಿಯಾರ ಇಟ್ಟುಕೊಂಡು ಹಿಡಿದೆ. ನಮಗೆ ಕೊಡುವ ಬಾಡಿಗೆಯಲ್ಲಿ ಅರ್ಧವನ್ನೂ ವೆಚ್ಚಕ್ಕೆ ಸೇರಿಸಬೇಕೆಂದು ನಾನೇ ಹೇಳಿ ಸೇರಿಸಿದೆ, ಬಾಡಿಗೆ ತೆಗೆದುಕೊಳ್ಳುವವಳು ನಾನೇ ಎಂದು ಒಂದು ಗಳಿಗೆಯೂ ಮುಜುಗರವಾಗಲಿಲ್ಲ. ಎಲ್ಲ ಕೂಡಿ ಒಂದು ತುಂಡಿಗೆ ಮೂವತ್ತಾರು ರೂಪಾಯಿ ಬಿತ್ತು. ಮಾರುವುದು ನಲವತ್ತಕ್ಕೆ. ಆರರ ಪೆಟ್ಟಿಗೆಗೆ ಇಪ್ಪತ್ನಾಲ್ಕು ರೂಪಾಯಿ ಲಾಭ. ಏಳನೆಯ ತುಂಡಿನ ಮೂವತ್ತಾರು ಕಳೆದರೆ ಹನ್ನೆರಡು ನಷ್ಟ.

"ನೀ ಮಾರಾಕತ್ತಿಲ್ಲ ಕೇಕವ್ವ," ಅಂದೆ. "ಪೆಟ್ಟಿಗಿಗೆ ಹನ್ನೆರಡು ರೂಪಾಯಿ ಕೈಲೆ ಹಾಕಿ ಊರಿಗೆ ಹಂಚಾಕತ್ತೀದಿ."

ಅವಳು ಹಾಳೆಯನ್ನು ನೋಡಲಿಲ್ಲ. ಓದಲು ಬರುತ್ತಿರಲಿಲ್ಲ. ಕೊಸರು ಲೆಕ್ಕದಲ್ಲಿ ಬರುವುದಿಲ್ಲ, ಅದನ್ನು ಎಣಿಸಬಾರದು ಎಂದು ಮೆಲ್ಲಗೆ ಹೇಳಿದಳು. ನೀನು ಎಣಿಸದಿದ್ದರೆ ಬೆಣ್ಣೆಯವನು ಎಣಿಸುತ್ತಾನೆ ಎಂದು ನಾನು ವಾದಿಸಿದೆ. ಬೆಲೆ ಏರಿಸಲೇ ಎಂದು ಕೇಳಿದಳು. ಏರಿಸಿದರೆ ಪುಸ್ತಕದಂಗಡಿಯವನು ಕೊಳ್ಳುವುದನ್ನೇ ಬಿಡುತ್ತಾನೆ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಂಚದ ಮೇಲೆ ಅವಳ ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನಿಗೆ ಕೇಳಿಸುತ್ತದೆ ಎಂದು ಗೊತ್ತಿದ್ದೂ ನಾನು ಆ ಮಾತು ಆಡಿದೆ.

"ನಿನ್ನ ಗಂಡನ ಇಂಜೆಕ್ಷನ್ನು ಆ ಏಳನೇ ತುಂಡಿನಾಗ ಹೋಗಾಕತ್ತದ."

ಅವಳು ಹಾಳೆಯನ್ನು ಇಸಿದುಕೊಂಡಳು. ಓವನ್ನಿನ ಮೇಲಿನ ಗೋಡೆಗೆ, ಮೈದಾ ಹಿಟ್ಟು ಕಲಸಿ ಅಂಟಿಸಿದಳು.

ಮಾರನೆಯ ದಿನದ ಮೊದಲ ಪೆಟ್ಟಿಗೆ ತುಂಬುವಾಗ ನಾನು ಅಲ್ಲೇ ನಿಂತಿದ್ದೆ, ಪರೀಕ್ಷಾ ಕೊಠಡಿಯಲ್ಲಿ ನಿಲ್ಲುವ ಹಾಗೆ. ಆರು ಇಟ್ಟಳು, ಕಾಗದ ಹೊದಿಸಿದಳು. ಕೈ ತಾನಾಗಿಯೇ ತಟ್ಟೆಯ ಕಡೆ ಹೋಯಿತು. ನಾನು ಕೆಮ್ಮಿದೆ. ಕೈ ತಟ್ಟೆಯ ಮೇಲೆ ನಿಂತು, ಮುಷ್ಟಿಯಾಗಿ, ಹಾಗೇ ಹಿಂದೆ ಬಂತು. ಅವಳು ಆ ಮುಷ್ಟಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಎದೆಯ ಮುಂದೆ ಹಿಡಿದುಕೊಂಡಿದ್ದಳು. ನನಗೆ ನಗು ಬಂತು. ನಕ್ಕೆ ಕೂಡ.

ಗಿರಾಕಿಗಳು ಒಂದೆರಡು ವಾರ ಗೊಣಗಿ ಸುಮ್ಮನಾದರು. ಕೈಯಲ್ಲಿ ದುಡ್ಡು ಉಳಿಯತೊಡಗಿತು. ಇಂಜೆಕ್ಷನ್ನು ತಪ್ಪಲಿಲ್ಲ. ನಾನು ತರಗತಿಯಲ್ಲಿ ಹೆಸರು ಹೇಳದೆ ಅವಳ ಉದಾಹರಣೆ ಕೊಟ್ಟು, ಎಣಿಸದೆ ಬಿಟ್ಟ ವೆಚ್ಚವೇ ವ್ಯಾಪಾರವನ್ನು ಮುಳುಗಿಸುತ್ತದೆ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದೆ. ಇವತ್ತಿಗೂ ಆ ವಾಕ್ಯ ನೆನಪಾದರೆ ಮೈಯೆಲ್ಲ ಉರಿಯುತ್ತದೆ.

ಆದರೆ ಅದೇ ತಿಂಗಳು ದವಾಖಾನೆಯಲ್ಲಿ ನರ್ಸು ಕೇಕವ್ವನನ್ನು ಗದರಿದ್ದಳು. ಯಂತ್ರಕ್ಕೆ ಹಾಕುವ ಮುಂಚೆ ಅವನ ತೂಕ ನೋಡುತ್ತಾರೆ, ಪ್ರತಿ ಸಲವೂ ತೂಕ ಏರುತ್ತಿತ್ತು. ನೀರು ಹೆಚ್ಚು ಕೊಡುತ್ತಿದ್ದೀಯ ಎಂದು ನರ್ಸು, ಇಲ್ಲ ಎಂದು ಇವಳು. ದೇವರ ಮೇಲೆ ಆಣೆ ಇಟ್ಟು ನಾಲ್ಕೇ ಲೋಟ ಎಂದಳಂತೆ. ಮೆಟ್ಟಿಲ ಮೇಲೆ ಕೂತು ಅದನ್ನು ಹೇಳುವಾಗ ಅವಳ ಕಣ್ಣು ತುಂಬಿತ್ತು. ಸುಳ್ಳು ಹೇಳುವ ಹೆಂಗಸಲ್ಲ ಅವಳು. ತೂಕದ ಯಂತ್ರವೇ ತಪ್ಪು ತೋರಿಸುತ್ತಿರಬೇಕು ಎಂದು ನಾನೇ ಸಮಾಧಾನ ಹೇಳಿ ಕಳಿಸಿದೆ.

ಬೇಸಿಗೆ ಬಂತು. ಮಾನ್ವಿಯಲ್ಲಿ ನನ್ನ ತವರು. ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ ಇತ್ತು. ನೂರೈವತ್ತು ಬ್ರೌನಿ ಬೇಕೆಂದು ತಮ್ಮ ಕೇಳಿದ. ತವರಿನವರದು ಆಚಾರದ ಮನೆ, ಮೊಟ್ಟೆ ಇಲ್ಲದೆ ಮಾಡಬೇಕು. ಮೊಸರು ಹಾಕಿ ಮಾಡುತ್ತೇನೆ ಎಂದಳು ಕೇಕವ್ವ. ಯಾರು ಮಾಡುತ್ತಾರೆ ಎಂದು ನನ್ನ ತಾಯಿ ಫೋನಿನಲ್ಲಿ ಕೇಳಿದಾಗ, ರಾಯಚೂರಿನ ಒಂದು ಒಳ್ಳೆಯ ಬೇಕರಿ ಎಂದುಬಿಟ್ಟೆ. ನಮ್ಮ ಮಾಳಿಗೆಯ ಮೇಲಿನ ಗೌಂಡಿಯ ಹೆಂಡತಿ ಎನ್ನಲಿಲ್ಲ. ನನ್ನ ನಾಲಿಗೆಗೆ ಆ ಹೊತ್ತಿಗೆ ಅಷ್ಟೇ ಧೈರ್ಯವಿತ್ತು.

ನೂರೈವತ್ತು, ಒಂದೂ ಹೆಚ್ಚಿಲ್ಲ. ಆರು ನೂರು ರೂಪಾಯಿ ಅಚ್ಚುಕಟ್ಟಾದ ಲಾಭ. ಮೂರು ಇಂಜೆಕ್ಷನ್ನಿಗೆ ಆಗುತ್ತದೆ ಎಂದು ನಾನೇ ಅವಳಿಗೆ ಹೇಳಿದೆ. ಸೋಮವಾರ ಬೆಳಿಗ್ಗೆ ಒಯ್ಯಬೇಕು, ಶನಿವಾರ ಮತ್ತು ಭಾನುವಾರ ಮಾಡಬೇಕು. ಶುಕ್ರವಾರ ಯಂತ್ರದಿಂದ ಬಂದವನು ಮತ್ತೆ ಯಂತ್ರಕ್ಕೆ ಹೋಗುವುದು ಮಂಗಳವಾರ. ಎರಡು ಸರದಿಗಳ ನಡುವಿನ ದೊಡ್ಡ ಅಂತರ ಅದು. ಕೇಕವ್ವನಿಗೆ ಅದು ಗೊತ್ತಿತ್ತು. ನಾನು ದಿನ ನೋಡಿದ್ದು ತೊಟ್ಟಿಲಿನ ಮುಹೂರ್ತಕ್ಕೆ ಮಾತ್ರ.

ಭಾನುವಾರ ಮಧ್ಯಾಹ್ನ ಎಣಿಕೆ ನೋಡಲು ಮೇಲೆ ಹೋದೆ. ಬಾಗಿಲಲ್ಲೇ ಬಿಸಿ ಮುಖಕ್ಕೆ ಹೊಡೆಯಿತು. ಮೇಲೆ ತಗಡು ಟಿಕ್ ಟಿಕ್ ಎನ್ನುತ್ತಿತ್ತು, ಕೆಳಗೆ ಓವನ್ನು. ವೋಲ್ಟೇಜು ಬಿದ್ದು ಫ್ಯಾನು ಬರೀ ತೂಗುತ್ತಿತ್ತು. ಎರಡು ದಿನದಿಂದ ಆ ಓವನ್ನು ಆರಿರಲಿಲ್ಲ. ಅವನು ಮಂಚ ಬಿಟ್ಟು ಹೊಸ್ತಿಲ ಮೇಲೆ ಕೂತಿದ್ದ, ತಲೆಯ ಮೇಲೆ ಹಸಿ ಟವೆಲ್. ಕಾಲು ಊದಿ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ತುಟಿಯ ಮೇಲೆ ಬಿಳಿ ಪದರ. ನನಗೆ ದಾರಿ ಬಿಡಲು ಸರಿದು ಕೂತ, ಅಷ್ಟಕ್ಕೇ ಏದುಸಿರು ಬಂತು.

ಅವಳು ಗಡಿಗೆಯ ಬಳಿ ಅವನ ಸ್ಟೀಲಿನ ಲೋಟ ಹಿಡಿದಿದ್ದಳು. ಅದು ಅಂದಿನ ನಾಲ್ಕನೆಯ ಲೋಟ. ಕಂಠದ ಗೆರೆಯವರೆಗೆ ಸರಿಯಾಗಿ ತುಂಬಿ ಕೊಟ್ಟಳು. ಅವನು ಬಾಯಿಗಿಟ್ಟ, ಅವತ್ತು ಬಾಯಲ್ಲಿ ಹಿಡಿದುಕೊಳ್ಳಲಿಲ್ಲ, ಗಟಗಟ ಕುಡಿದುಬಿಟ್ಟ. ಕುಡಿದು ಖಾಲಿ ಲೋಟವನ್ನು ಚಾಚಿದ. ಅವಳ ಕೈ ಮತ್ತೆ ಗಡಿಗೆಗೆ ಹೋಯಿತು. ಚೊಂಬನ್ನು ಬಾಗಿಸಿ ಲೋಟಕ್ಕೆ ಇನ್ನೊಂದಿಷ್ಟು ಹಾಕಿದಳು, ಮೂರು ನಾಲ್ಕು ಗುಟುಕು. ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರಿಗೂ ರೂಢಿಯಾದ ಕೆಲಸ ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು.

ಅಷ್ಟರಲ್ಲಿ ಅವಳು ನನ್ನನ್ನು ನೋಡಿದಳು. ಹೆದರಲಿಲ್ಲ, ಅಡಗಿಸಲಿಲ್ಲ.

"ನಾಕ ಲೋಟ ಆತ್ರಿ ಅಕ್ಕೋರ," ಅಂದಳು. "ಇದು ಕೊಸರು."

ಈಗ ಬರೆಯುವುದೇ ನಿಜವಾಗಿ ಕಷ್ಟದ್ದು. ನನಗೆ ಅರ್ಥವಾಯಿತು. ಆ ಒಂದು ಗಳಿಗೆಯಲ್ಲಿ ಎಲ್ಲ ಅರ್ಥವಾಯಿತು: ನರ್ಸಿನ ಗದರಿಕೆ, ಏರುವ ತೂಕ, ಇವಳ ಆಣೆ. ದಿನಕ್ಕೆ ನಾಲ್ಕು ಲೋಟಕ್ಕೆ ನಾಲ್ಕು ಸಲ ಕೊಸರು. ಅವಳು ಸುಳ್ಳು ಹೇಳಿರಲಿಲ್ಲ. ಕೊಸರನ್ನು ಎಣಿಸಬಾರದು, ಅದಕ್ಕೇ ಎಣಿಸಿರಲಿಲ್ಲ. ಹೊರಗೆ ಗಿರಾಕಿಗಳಿಗೆ ಕೊಡದಂತೆ ನಾನು ಕಟ್ಟಿಹಾಕಿದ ಕೈ ಮನೆಯೊಳಗೆ ಬಿಚ್ಚಿಕೊಂಡಿತ್ತು. ನಾನು ಬಾಯಿ ಬಿಟ್ಟು ಹೇಳಬೇಕಿತ್ತು. ಒಂದು ಬ್ರೌನಿಗೆ ಅಷ್ಟು ದೊಡ್ಡ ವ್ಯಾಖ್ಯಾನ ಮಾಡಿದವಳು ನಾನು. ಆದರೆ ಅವನ ತುಟಿ ನೋಡಿ, ಪಾಪ, ಎರಡು ಗುಟುಕು ನೀರಿಗೆ ಏನಾಗುತ್ತದೆ, ನಾಡಿದ್ದು ಯಂತ್ರ ತೆಗೆಯುತ್ತದಲ್ಲ ಎಂದುಕೊಂಡೆ. ಇನ್ನೊಂದು ಮಾತೂ ಮನಸ್ಸಿನಲ್ಲಿತ್ತು, ಅದನ್ನೂ ಬರೆಯುತ್ತೇನೆ: ಈಗ ಇದನ್ನು ಎತ್ತಿದರೆ ಇವಳು ಓವನ್ನು ಆರಿಸಿ ಕೂತುಬಿಡುತ್ತಾಳೆ, ಇನ್ನೂ ನಲವತ್ತು ಬಾಕಿ ಇವೆ.

ಎಣಿಸಿಕೊಂಡು ಕೆಳಗಿಳಿದೆ.

ಸೋಮವಾರ ಬೆಳಿಗ್ಗೆ ಜೀಪಿಗೆ ಪೆಟ್ಟಿಗೆಗಳನ್ನು ಅವಳೇ ಹೊತ್ತು ತಂದು ಇಟ್ಟಳು. ಅವನು ಹೇಗಿದ್ದಾನೆ ಎಂದು ಕೇಳಿದೆ. ಮಲಗಿದರೆ ಉಸಿರು ಸಿಗುವುದಿಲ್ಲವೆಂದು ಗೋಡೆಗೆ ಒರಗಿ ಕೂತಿದ್ದಾನೆ, ನಾಳೆ ಹೆಂಗೂ ಸರದಿ ಇದೆ ಎಂದಳು. ನಾನೂ, ನಾಳೆ ಇದೆಯಲ್ಲ ಎಂದೆ. ಮಾನ್ವಿ ಮುಟ್ಟಿ, ಜೋಗುಳ ಆಗಿ, ಊಟದ ಕೊನೆಗೆ ಬ್ರೌನಿ ಹಂಚಿದೆವು. ಕ್ಯಾರಮೆಲ್ ಒಂದು ಉಸಿರೂ ಹೆಚ್ಚು ಕಡಿಮೆ ಇಲ್ಲದೆ ಹದವಾಗಿ ಬಂದಿತ್ತು. ಯಾವ ಬೇಕರಿ ಎಂದು ನಾಲ್ಕಾರು ಜನ ಕೇಳಿದರು. ಹೊರಗಿನದು ಮುಟ್ಟದ ನನ್ನ ತಾಯಿ ಕೂಡ ಮೂಗಿನ ಹತ್ತಿರ ಹಿಡಿದು ನೋಡಿ, ವಾಸನೆ ಚೆನ್ನಾಗಿದೆ ಎಂದು ತಟ್ಟೆಗೆ ಇಟ್ಟಳು. ಆಗ ನನ್ನ ಗಂಡನ ಫೋನು ಬಂತು. ಹನ್ನೊಂದರ ಸುಮಾರಿಗೆ ಕೇಕವ್ವನ ಗಂಡನಿಗೆ ಬಾಯಲ್ಲಿ ನೊರೆ ಬಂದು, ಆಟೋದಲ್ಲಿ ಹಾಕಿಕೊಂಡು ಹೋದರಂತೆ. ದವಾಖಾನೆಯ ಬಾಗಿಲಲ್ಲಿ ಇಳಿಸಿಕೊಳ್ಳುವಾಗ ಅವನಿರಲಿಲ್ಲ.

ಡಾಕ್ಟರು ಎದೆಯಲ್ಲಿ ನೀರು ತುಂಬಿತ್ತು ಎಂದರು. ಮೊದಲೇ ಹೃದಯ ಸೋತಿತ್ತು, ಇಂದಲ್ಲ ನಾಳೆ ಆಗುವುದೇ ಎಂದೂ ಹೇಳಿದರು. ನಾನು ಆ ಎರಡನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕೇಕವ್ವ ಮೊದಲನೆಯದನ್ನು ಹಿಡಿದುಕೊಂಡಿದ್ದಳು.

ಹೆಣವನ್ನು ದೇವದುರ್ಗಕ್ಕೆ ಒಯ್ದರು. ಮಾನ್ವಿಯಿಂದ ನಾನು ನೆಟ್ಟಗೆ ಅಲ್ಲಿಗೇ ಹೋದೆ, ರೇಷ್ಮೆ ಸೀರೆಯಲ್ಲೇ. ಸಂಜೆಯ ಬಿಸಿಲಿನಲ್ಲಿ ಅವರ ಓಣಿಯ ಬೇವಿನ ಮರದ ಕೆಳಗೆ ಅವನನ್ನು ಕೂರಿಸಿದ್ದರು. ನೆಟ್ಟಗೆ ಕಟ್ಟಿ ಕೂರಿಸಿದ್ದರೂ ಒಂದು ಬೆರಳು ವಾಲಿದ್ದ. ಅಪ್ಪಿತಪ್ಪಿ ಅದು ನನಗೆ ಕಂಡುಬಿಟ್ಟಿತು. ಎತ್ತುವ ಮುಂಚೆ ಎಲ್ಲರೂ ಬಾಯಿಗೆ ನೀರು ಬಿಡುವ ಪದ್ಧತಿ. ಅಣ್ಣತಮ್ಮಂದಿರು ಬಿಟ್ಟರು, ಹಿರಿಯರು ಬಿಟ್ಟರು. ಕೊನೆಗೆ ಹೆಂಡತಿ. ಯಾರೋ ತುಂಬಿದ ಚೊಂಬನ್ನು ಅವಳ ಕೈಗೆ ಕೊಟ್ಟರು.

ಅವಳು ಚೊಂಬು ಹಿಡಿದು ನಿಂತಳು. ನೀರು ಬಿಡು ಬಿಡು ಎಂದು ಹಿರಿಯ ಹೆಂಗಸರು ಅವಸರ ಮಾಡಿದರು, ಹೊತ್ತು ಮುಳುಗುತ್ತಿದೆ ಎಂದರು. ಅವಳು ಅವರನ್ನು ನೋಡಲಿಲ್ಲ. ಗುಂಪಿನಲ್ಲಿ ಹುಡುಕಿ ನನ್ನನ್ನು ನೋಡಿದಳು. ಅಳುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಎಲ್ಲಿ ಸೋರುತ್ತಿದೆ ನೋಡಿ ಎಂದು ಕೇಳಿದಳಲ್ಲ, ಅದೇ ದನಿಯಲ್ಲಿ ಕೇಳಿದಳು.

"ಎಷ್ಟು ಹಾಕ್ಲಿ ಅಕ್ಕೋರ?"

ಯಾರೋ ಅವಳ ಮೊಣಕೈ ಹಿಡಿದು ಚೊಂಬನ್ನು ಬಾಗಿಸಿದರು. ನೀರು ಅವನ ಗದ್ದದ ಮೇಲಿಂದ ಹರಿದು ಹೋಯಿತು.

ಅವಳು ಮತ್ತೆ ರಾಯಚೂರಿಗೆ ಬರಲಿಲ್ಲ. ಮೈದುನ ಬಂದು ಗೋಣಿಚೀಲ, ಗ್ಯಾಸಿನ ಒಲೆ ಒಯ್ದ. ಓವನ್ನು ಬೇಡವಂತೆ ಎಂದ. ಅದು ಇನ್ನೂ ಮೇಲೆಯೇ ಇದೆ. ಅದರ ಮೇಲಿನ ಗೋಡೆಯಲ್ಲಿ ನನ್ನ ಕೆಂಪು ಅಕ್ಷರದ ಹಾಳೆಯೂ ಇದೆ. ಮೈದಾ ಹಿಟ್ಟಿನ ಅಂಟು, ಕೀಳಲು ಹೋದರೆ ಸುಣ್ಣದ ಸಮೇತ ಬರುತ್ತದೆ. ಒಮ್ಮೆ ಅದರ ಎದುರು ನಿಂತು ಮೊದಲಿನಿಂದ ಓದಿದೆ. ಬೆಣ್ಣೆ ಇದೆ, ಕಾಗದ ಇದೆ, ವೋಲ್ಟೇಜು ಇದೆ, ಬಾಡಿಗೆ ಇದೆ. ಒಬ್ಬ ಮನುಷ್ಯ ಅದೇ ಖೋಲಿಯಲ್ಲಿ ಬಾಯಾರಿ ಕೂತಿದ್ದ ಎಂಬುದು ಎಲ್ಲೂ ಇಲ್ಲ. ಆ ಬ್ರೌನಿಯ ಬೆಲೆಯಲ್ಲಿ ಬಹುಪಾಲು ಅವನೇ ಕೊಟ್ಟಿದ್ದ. ಬಿಸಿಲು ತಡೆಯಲು ತಗಡಿನ ಕೆಳಗೆ ಒಳಛಾವಣಿ ಹಾಕಿಸಿ ಎಂದು ಅವನು ಒಮ್ಮೆ ನನ್ನ ಗಂಡನಿಗೆ ಕೇಳಿದ್ದ, ಮುಂದಿನ ವರ್ಷ ನೋಡೋಣ ಎಂದಿದ್ದೆವು. ಈಗ ಹಾಕಿಸಿದ್ದೇವೆ. ಬಾಡಿಗೆಗೆ ಯಾರೂ ಇಲ್ಲ.

ಮರುವರ್ಷ ಪರೀಕ್ಷೆಯ ಕೆಲಸಕ್ಕೆ ನನ್ನನ್ನು ದೇವದುರ್ಗಕ್ಕೆ ಹಾಕಿದರು. ಮುಗಿಸಿಕೊಂಡು ಬಸ್ಸಿಗೆ ಹೋಗುವಾಗ ಸಂತೆ ನೆರೆದಿತ್ತು. ಕಾಳಿನ ಸಾಲಿನಲ್ಲಿ ಅವಳು ಕೂತಿದ್ದಳು, ಮುಂದೆ ತೊಗರಿಬೇಳೆಯ ಚೀಲ, ಚೀಲದಲ್ಲಿ ತಾಯಿಯ ಕಾಲದ ಸೇರು. ಕೈಯ ಗೆರೆಗಳೆಲ್ಲ ಈಗ ಒಂದೇ ಕಪ್ಪಾಗಿದ್ದವು, ಹೊಸದು ಯಾವುದೂ ಇರಲಿಲ್ಲ. ಬರ್ರಿ ಎಂದಳು. ನನ್ನ ಮಗಳು ಎಷ್ಟು ಉದ್ದ ಆಗಿದ್ದಾಳೆ ಎಂದು ಕೇಳಿದಳು. ಒಂದು ವರ್ಷದಿಂದ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನನ್ನ ಬಾಯಿಂದ ಹೊರಡಲಿಲ್ಲ. ನಾನೂ ಅವತ್ತು ನೋಡಿದ್ದೆ, ನೋಡಿ ಸುಮ್ಮನಿದ್ದೆ, ತಪ್ಪು ನಿನ್ನೊಬ್ಬಳದಲ್ಲ ಎನ್ನಬೇಕಿತ್ತು. ಎರಡು ಸೇರು ಬೇಳೆ ಕೊಡು ಎಂದೆ.

ಸೇರು ತುಂಬಿದಳು. ಗೋಪುರ ಏರಿಸಲಿಲ್ಲ. ಅಂಗೈಯಿಂದ ಕಂಠಕ್ಕೆ ಸಮ ಮಾಡಿ ಒರೆಸಿ, ನನ್ನ ಚೀಲಕ್ಕೆ ಸುರಿದಳು. ಎರಡನೆಯದನ್ನೂ ಹಾಗೆಯೇ. ಪಕ್ಕದ ಮುದುಕಿ ತನ್ನ ಗಿರಾಕಿಗೆ ಒಂದು ಹಿಡಿ ಕೊಸರು ಹಾಕಿ ಕಳಿಸುತ್ತಿದ್ದಳು. ಕೇಕವ್ವ ಸೇರನ್ನು ಬೋರಲು ಹಾಕಿ, ಖಾಲಿ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಆತ್ರಿ ಅಕ್ಕೋರ," ಅಂದಳು.

ನಾನು ಚೀಲದ ಬಾಯಿ ತೆರೆದು ಹಿಡಿದುಕೊಂಡೇ ನಿಂತಿದ್ದೆ.